ಸೇನೆಯ ದಂಡನಾಯಕನೇ ಸ್ಪೇನಿನ ಬೇಹುಗಾರ: ಜೇಮ್ಸ್ ವಿಲ್ಕಿನ್ಸನ್‌ನನ್ನು ನಾಲ್ವರು ಅಧ್ಯಕ್ಷರು ಯಾಕೆ ಉಳಿಸಿಕೊಂಡರು?

ತುಂಗಾತೀರ

ಅಮೆರಿಕದ ದ್ರೋಹಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವ ಹೆಸರು, ಸ್ವಾತಂತ್ರ್ಯ ಯುದ್ಧದ ನಡುವೆ ಬ್ರಿಟಿಷರ ಕಡೆ ಸೇರಿದ ಜನರಲ್ ಬೆನೆಡಿಕ್ಟ್ ಆರ್ನಲ್ಡ್. ಅವನ ಕೈಕೆಳಗೆ ಕೆನಡಾ ದಂಡಯಾತ್ರೆಯಲ್ಲಿ ಸಹಾಯಕನಾಗಿದ್ದ ಮೇರಿಲ್ಯಾಂಡಿನ ಹುಡುಗ ಜೇಮ್ಸ್ ವಿಲ್ಕಿನ್ಸನ್ ಬಗ್ಗೆ ಮಾತ್ರ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ನನಗೆ ಆರ್ನಲ್ಡ್‌ಗಿಂತ ಇವನ ಕಥೆಯೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಆರ್ನಲ್ಡ್ ಸಿಕ್ಕಿಬಿದ್ದು ಓಡಿಹೋದ. ಇವನು ಓಡಲಿಲ್ಲ, ಮೇಲೇರಿದ.

ಹುಟ್ಟಿದ್ದು 1757ರಲ್ಲಿ. ವೈದ್ಯಕೀಯ ಓದಿ, ಅದನ್ನು ಬಿಟ್ಟು ಸ್ವಾತಂತ್ರ್ಯ ಯುದ್ಧಕ್ಕೆ ಸೇರಿದ. 20ನೇ ವಯಸ್ಸಿಗೆ ಗೌರವ ಬ್ರಿಗೇಡಿಯರ್ ಜನರಲ್ ಪದವಿ ಸಿಕ್ಕಿತು. ಯುದ್ಧ ಮುಗಿದ ಮೇಲೆ ಕೆಂಟಕಿಗೆ ಹೋಗಿ ಜಮೀನು, ವ್ಯಾಪಾರ ಅಂತ ಕೈಹಾಕಿದ. 1787ರಲ್ಲಿ ದೋಣಿಗಳಲ್ಲಿ ಸರಕು ತುಂಬಿಕೊಂಡು ನ್ಯೂ ಆರ್ಲಿಯನ್ಸ್‌ಗೆ ಇಳಿದ. ಆಗ ಆ ಊರು ಸ್ಪೇನಿನದು. ಅಲ್ಲಿಯ ಗವರ್ನರ್ ಎಸ್ತೆಬಾನ್ ಮಿರೊ ಎದುರು ಸ್ಪೇನ್ ದೊರೆಗೆ ನಿಷ್ಠನಾಗಿರುವೆನೆಂದು ಬರೆದುಕೊಟ್ಟ. ಆಮೇಲೆ ವರ್ಷಕ್ಕೆ 2,000 ಡಾಲರ್ ಪಿಂಚಣಿ ನಿಗದಿಯಾಯಿತು. ಗುಪ್ತ ಪತ್ರಗಳಲ್ಲಿ ಅವನ ಗುರುತು '13'.

ಈ ಮನುಷ್ಯ 1791ರಲ್ಲಿ ಮತ್ತೆ ಅಮೆರಿಕದ ಸೇನೆ ಸೇರಿದ. 1796ರ ಡಿಸೆಂಬರ್‌ನಲ್ಲಿ ಜನರಲ್ ಆಂತೊನಿ ವೇಯ್ನ್ ತೀರಿಕೊಂಡಾಗ ಸೇನೆಯ ಅತಿ ಹಿರಿಯ ಅಧಿಕಾರಿಯಾದ. ನಡುವೆ ಎರಡು ವರ್ಷ ಬಿಟ್ಟರೆ 1812ರ ಆರಂಭದವರೆಗೂ ಆ ಜಾಗ ಅವನದೇ. ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್ ಈ ನಾಲ್ವರ ಕಾಲದಲ್ಲೂ ಅವನು ಸಮವಸ್ತ್ರದಲ್ಲಿದ್ದ.

ನನ್ನ ಪ್ರಶ್ನೆ ಅವನು ಹೇಗೆ ಮುಚ್ಚಿಟ್ಟ ಎಂಬುದಲ್ಲ. ಅವನ ಮೇಲಿನ ಗುಮಾನಿ ಪಡಸಾಲೆಗಳಲ್ಲೆಲ್ಲ ಓಡಾಡುತ್ತಿತ್ತು. ಅದು ಕಿವಿಗೆ ಬಿದ್ದೂ ಅಷ್ಟು ದೊಡ್ಡ ಮನುಷ್ಯರು ಇವನನ್ನು ಯಾಕೆ ಇಟ್ಟುಕೊಂಡರು? ಓದಿದವರು ಹೇಳಿ.

ಧಾರವಾಡದಾಂವ

ನನಗ ಮೊದಲ ಒಂದ ವಿಷಯ ಬಿಡಿಸಿ ಹೇಳ್ರಿ. ಸ್ಪೇನಿಗೆ ಇವನಿಂದ ಏನ ಬೇಕಿತ್ತು? ಸುಮ್ಮನ ಯಾರೂ ರೊಕ್ಕಾ ಕೊಡೂದಿಲ್ಲ. 1787ರಾಗ ಇಂವಾ ಸೈನ್ಯದಾಗೂ ಇರಲಿಲ್ಲ ಅಂತೀರಿ. ಒಬ್ಬ ವ್ಯಾಪಾರಿ ಕಡಿಂದ ಏನ ಗುಟ್ಟ ಸಿಗತೈತಿ?

ತುಂಗಾತೀರ

ಒಳ್ಳೆಯ ಪ್ರಶ್ನೆ ರೀ. ಅವರಿಗೆ ಬೇಕಾಗಿದ್ದದ್ದು ಗುಟ್ಟಲ್ಲ, ಕೆಂಟಕಿ.

ಆಗಿನ ನಕ್ಷೆ ಕಣ್ಣ ಮುಂದೆ ಇಟ್ಟುಕೊಳ್ಳಿ. ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಹೋಗಿ ನೆಲೆಸಿದ ರೈತರು ಹೊಗೆಸೊಪ್ಪು ಬೆಳೆಯುತ್ತಾರೆ, ಹಂದಿ ಸಾಕುತ್ತಾರೆ. ಅದನ್ನು ಬೆಟ್ಟ ಹತ್ತಿಸಿ ಪೂರ್ವದ ಪೇಟೆಗೆ ಸಾಗಿಸಿದರೆ ಸಾಗಣೆ ಖರ್ಚೇ ಬೆಲೆಯನ್ನು ನುಂಗುತ್ತದೆ. ಇರುವ ದಾರಿ ಒಂದೇ: ಓಹಾಯೊ ನದಿ ಹಿಡಿದು ಮಿಸಿಸಿಪ್ಪಿಗೆ ಇಳಿದು ನ್ಯೂ ಆರ್ಲಿಯನ್ಸ್ ತಲುಪುವುದು. 1784ರಲ್ಲಿ ಸ್ಪೇನ್ ಆ ದಾರಿಯನ್ನು ಅಮೆರಿಕನ್ನರಿಗೆ ಮುಚ್ಚಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಬೇರೆ ವ್ಯಾಪಾರ ಸವಲತ್ತು ಸಿಗುವುದಾದರೆ 25 ವರ್ಷ ಆ ನದಿಯ ಹಕ್ಕನ್ನು ಬಿಟ್ಟುಕೊಡಲು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಜೇ ತಯಾರಿದ್ದಾನೆ ಎಂಬ ಸುದ್ದಿ ಪಶ್ಚಿಮಕ್ಕೆ ಮುಟ್ಟಿತು. ಕೆಂಟಕಿಯ ಜನ ಕುದ್ದುಹೋದರು. ನಮ್ಮ ಹೊಟ್ಟೆಯ ಮೇಲೆ ಹೊಡೆಯುವ ಈ ಒಕ್ಕೂಟ ನಮಗೆ ಯಾಕೆ ಎಂದು ಬಹಿರಂಗವಾಗಿ ಕೇಳತೊಡಗಿದರು.

ವಿಲ್ಕಿನ್ಸನ್ ಸ್ಪೇನಿಗೆ ಮಾರಿದ್ದು ಈ ಸಿಟ್ಟನ್ನು. ಕೆಂಟಕಿಯನ್ನು ಒಕ್ಕೂಟದಿಂದ ಬಿಡಿಸಿ ನಿಮ್ಮ ಕಡೆ ತರುತ್ತೇನೆ, ಪ್ರತಿಯಾಗಿ ನನ್ನ ಸರಕಿಗೆ ನದಿ ಬಿಡಿ ಎಂದ. ಮಿರೊ ಬಿಟ್ಟ. ಕೆಂಟಕಿಯಲ್ಲಿ ಕೊಂಡ ಹೊಗೆಸೊಪ್ಪು ಕೆಳಗೆ ನಾಲ್ಕೈದು ಪಟ್ಟು ಬೆಲೆಗೆ ಹೋಗುತ್ತಿತ್ತು, ಅದೂ ಬೇರೆಯವರಿಗೆ ಇಲ್ಲದ ದಾರಿಯಲ್ಲಿ. ಊರಿಗೆ ಮರಳಿದಾಗ ಜನ ಅವನನ್ನು ತಮ್ಮ ಉದ್ಧಾರಕನೆಂದೇ ಬರಮಾಡಿಕೊಂಡರು.

ಖಾತೆಪುಸ್ತಕ

ನಾನು ಲೆಕ್ಕಪರಿಶೋಧನೆಯಲ್ಲಿ ಕೆಲಸ ಮಾಡುವವಳು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಣ ಸಾಗಿಸಿದ ಬಗೆ. ಆಗ ಬ್ಯಾಂಕ್ ವರ್ಗಾವಣೆ ಇಲ್ಲ. ಬೆಳ್ಳಿ ನಾಣ್ಯಗಳನ್ನೇ ಹೊತ್ತು ನೂರಾರು ಮೈಲಿ ನದಿಯಲ್ಲಿ ಹರಿವಿಗೆ ಎದುರಾಗಿ ಹುಟ್ಟು ಹಾಕಿಕೊಂಡು ಹೋಗಬೇಕು.

1794ರಲ್ಲಿ, ಮಿರೊ ನಂತರ ಬಂದ ಸ್ಪೇನಿನ ಗವರ್ನರ್ ಕರೊಂಡೆಲೆಟ್ ಸುಮಾರು 12,000 ಡಾಲರನ್ನು ಎರಡು ಪಾಲು ಮಾಡಿ ಕಳಿಸಿದ. ಒಂದು ಪಾಲು ಜೋಸೆಫ್ ಕಾಲಿನ್ಸ್ ಕೈಯಲ್ಲಿ ಸಮುದ್ರ ಮಾರ್ಗವಾಗಿ ನ್ಯೂಯಾರ್ಕ್ ಸುತ್ತಿಕೊಂಡು ಹೊರಟಿತು, ವಿಲ್ಕಿನ್ಸನ್‌ಗೆ ಮುಟ್ಟುವಾಗ ಅರ್ಧಕ್ಕಿಂತ ಕಡಿಮೆಯಾಗಿತ್ತು. ಇನ್ನೊಂದು ಪಾಲು, 6,000 ಡಾಲರ್, ಹೆನ್ರಿ ಓವೆನ್ ಎಂಬವನ ಕೈಯಲ್ಲಿ ನದಿ ಮಾರ್ಗವಾಗಿ ಹೊರಟಿತು. ಓಹಾಯೊ ನದಿಯಲ್ಲಿ ಅವನ ದೋಣಿಯ ಹುಟ್ಟುಗಾರರೇ ಅವನನ್ನು ಕೊಂದು ಹಣ ಹೊತ್ತುಕೊಂಡು ಹೋದರು. ಅವರಲ್ಲಿ ಕೆಲವರು ಸೆರೆಸಿಕ್ಕರು. ಅಮೆರಿಕದ ನ್ಯಾಯಾಲಯದಲ್ಲಿ ಅವರು ಬಾಯಿಬಿಟ್ಟರೆ ಆ ಹಣ ಯಾರಿಗೆ ಹೊರಟಿತ್ತೆಂದು ಜಗತ್ತಿಗೆ ತಿಳಿಯುತ್ತದೆ. ವಿಲ್ಕಿನ್ಸನ್ ಅವರನ್ನು ವಿಚಾರಣೆಗೆ ಒಪ್ಪಿಸದೆ ಸ್ಪೇನಿನ ನೆಲಕ್ಕೆ ಸಾಗಹಾಕಲು ನೋಡಿದ. ತನಗಾಗಿಯೇ ಹೊರಟು ಸತ್ತವನ ಕೊಲೆ ಅದು.

ಎರಡು ವರ್ಷದ ಮೇಲೆ, 1796ರಲ್ಲಿ, ತಾಮಸ್ ಪವರ್ ಎಂಬ ದೂತ 9,640 ಡಾಲರ್ ತಂದ. ನಾಣ್ಯಗಳನ್ನು ಸಕ್ಕರೆ ಮತ್ತು ಕಾಫಿ ಪೀಪಾಯಿಗಳೊಳಗೆ ಹೂತಿಟ್ಟಿದ್ದರು. ವಿಲ್ಕಿನ್ಸನ್ ಮೇಲೆ ಅನುಮಾನಗೊಂಡಿದ್ದ ಜನರಲ್ ವೇಯ್ನ್ ಈ ದೋಣಿಗಾಗಿಯೇ ಕಾಯುತ್ತಿದ್ದ. ತಪಾಸಣೆಯೂ ನಡೆಯಿತು. ಸಕ್ಕರೆಗೆ ಕೈಹಾಕಿ ನೋಡಲು ಯಾರಿಗೂ ಹೊಳೆಯಲಿಲ್ಲ, ದೋಣಿ ಮುಂದೆ ಹೋಯಿತು. ಅದೇ ವರ್ಷದ ಕೊನೆಗೆ ವೇಯ್ನ್ ತೀರಿಹೋದ. ಆ ಪೀಪಾಯಿಯನ್ನು ಒಬ್ಬ ಸೈನಿಕ ಮಗುಚಿ ನೋಡಿದ್ದರೆ ಮುಂದಿನ 15 ವರ್ಷದ ಇತಿಹಾಸವೇ ಬೇರೆಯಾಗುತ್ತಿತ್ತು ಎನ್ನಿಸಿ ನನಗೆ ಈಗಲೂ ಸಂಕಟವಾಗುತ್ತದೆ.

ಎರಡನೇ ಓದು

ನಾನು ಸ್ವಲ್ಪ ಎದುರು ವಾದ ಹೂಡುತ್ತೇನೆ, ಬೇಸರಿಸಬೇಡಿ.

ವಿಲ್ಕಿನ್ಸನ್ ಹಣ ತಿಂದ, ಸರಿ. ಆದರೆ ಸ್ಪೇನಿಗೆ ಕೊಟ್ಟದ್ದೇನು? ಕೆಂಟಕಿ 1792ರಲ್ಲಿ ಒಕ್ಕೂಟದ ರಾಜ್ಯವಾಯಿತು. 1795ರ ಒಪ್ಪಂದದಲ್ಲಿ ಸ್ಪೇನೇ ಮಿಸಿಸಿಪ್ಪಿಯನ್ನು ಅಮೆರಿಕನ್ನರಿಗೆ ತೆರೆದುಕೊಟ್ಟಿತು. ಅಲ್ಲಿಗೆ ಪ್ರತ್ಯೇಕತೆಯ ಮಾತಿಗೇ ಅರ್ಥವಿಲ್ಲದಾಯಿತು. 1803ರ ಡಿಸೆಂಬರ್ 20ರಂದು ಲೂಯಿಸಿಯಾನ ಅಮೆರಿಕದ ಕೈಸೇರುವಾಗ ಅದನ್ನು ವಹಿಸಿಕೊಂಡ ಇಬ್ಬರಲ್ಲಿ ಒಬ್ಬ ಇದೇ ವಿಲ್ಕಿನ್ಸನ್, ಇನ್ನೊಬ್ಬ ವಿಲಿಯಂ ಕ್ಲೇಬೋರ್ನ್. 1806ರ ನವೆಂಬರ್‌ನಲ್ಲಿ ಸಬೀನ್ ನದಿಯ ಗಡಿಯಲ್ಲಿ ಎರಡು ಸೈನ್ಯಗಳು ಎದುರುಬದುರು ನಿಂತಿದ್ದವು. ಅವನು ಸ್ಪೇನಿನ ಅಧಿಕಾರಿ ಎರೇರ ಜೊತೆ ಕೂತು, ನಡುವಿನ ಪಟ್ಟಿಗೆ ಯಾರೂ ಕಾಲಿಡಬಾರದೆಂದು ಒಪ್ಪಂದ ಮಾಡಿಕೊಂಡ. ಒಂದು ಯುದ್ಧ ತಪ್ಪಿತು.

ಹೀಗಿರುವಾಗ ಮೋಸಹೋದದ್ದು ಸ್ಪೇನ್ ಅಲ್ಲವೇ? ಅವರ ಬೊಕ್ಕಸದಿಂದ ಹಣ ಕಿತ್ತು, ಕಾಗದದ ಮೇಲೆ ಕನಸು ಕೊಟ್ಟ. ಇದನ್ನು ದೇಶದ್ರೋಹಕ್ಕಿಂತ ಹೆಚ್ಚಾಗಿ ವಂಚನೆ ಎಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ತುಂಗಾತೀರ

1804 ಬಿಟ್ಟುಬಿಟ್ಟಿರಿ ಸರ್.

ಲೂಯಿಸಿಯಾನ ಹಸ್ತಾಂತರವಾಗಿ ಕೆಲವೇ ತಿಂಗಳು. ಅಮೆರಿಕದ ಬಾವುಟ ಏರಿಸಿದ ಅದೇ ಮನುಷ್ಯ ಅದೇ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಪೇನಿನ ಅಧಿಕಾರಿಗಳಾದ ಕಾಸಾ ಕಾಲ್ವೊ ಮತ್ತು ವಿಸೆಂತೆ ಫೋಲ್ಚ್ ಜೊತೆ ಗುಟ್ಟಾಗಿ ಕೂತು ಪಿಂಚಣಿ ಬಾಕಿ ಕೇಳಿದ. ಕೇಳಿದ್ದು 20,000 ಡಾಲರ್, ಸಿಕ್ಕಿದ್ದು 12,000. ಪ್ರತಿಯಾಗಿ ಅಮೆರಿಕದ ವಿಸ್ತರಣೆಯನ್ನು ತಡೆಯುವುದು ಹೇಗೆಂದು ಉದ್ದದ ಟಿಪ್ಪಣಿ ಬರೆದುಕೊಟ್ಟ. ಅವನ ಸಲಹೆಗಳಲ್ಲಿ ಒಂದು: ಪಶ್ಚಿಮದ ಶೋಧಕ್ಕೆಂದು ಜೆಫರ್ಸನ್ ಕಳಿಸಿದ, ಮಿಸೌರಿ ನದಿ ಹತ್ತಿ ಹೊರಟಿರುವ ಕ್ಯಾಪ್ಟನ್ ಲೂಯಿಸ್‌ನ ತಂಡದ ಹಿಂದೆ ಪಡೆ ಕಳಿಸಿ, ಹಿಡಿಯಿರಿ ಅಥವಾ ಹಿಂದಕ್ಕೆ ಅಟ್ಟಿ.

ಲೂಯಿಸ್ ಮತ್ತು ಅವನ ಜೊತೆಗಾರ ವಿಲಿಯಂ ಕ್ಲಾರ್ಕ್ ಅಮೆರಿಕದ ಸೈನ್ಯಾಧಿಕಾರಿಗಳು, ಅವರ ಜೊತೆ ಹೋದವರಲ್ಲಿ ಹೆಚ್ಚಿನವರು ಸೈನಿಕರು. ತನ್ನದೇ ಸೈನಿಕರನ್ನು ಹಿಡಿಯಿರಿ ಎಂದು ದಂಡನಾಯಕ ಪರರಾಜ್ಯಕ್ಕೆ ಬರೆದುಕೊಟ್ಟದ್ದು ಇದು. ಸ್ಪೇನ್ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 1804ರಿಂದ 1806ರ ನಡುವೆ ಸ್ಪೇನಿನ ಕೈಲಿದ್ದ ಸಾಂತಾ ಫೇಯಿಂದ ಮತ್ತೆ ಮತ್ತೆ ಪಡೆಗಳು ಹೊರಟವು. ಕೊನೆಯದನ್ನು ನಡೆಸಿದ ಫಕುಂದೊ ಮೆಲ್ಗಾರೆಸ್ ಜೊತೆ ನೂರಾರು ಕುದುರೆ ಸವಾರರಿದ್ದರು. ಬಯಲು ಅಷ್ಟು ವಿಶಾಲವಾಗಿತ್ತು, ಅದಕ್ಕೇ ಲೂಯಿಸ್ ತಂಡ ಅವರಿಗೆ ಸಿಗಲಿಲ್ಲ. ಅದರಲ್ಲಿ ವಿಲ್ಕಿನ್ಸನ್‌ನ ಪುಣ್ಯ ಏನೂ ಇಲ್ಲ.

ಧಾರವಾಡದಾಂವ

ಇದು ಓದಿ ಮೈ ಝುಮ್ ಅಂತು. ಎರಡನೇ ಓದು ಅಣ್ಣಾರ, ಇದಕ್ಕ ವಂಚನೆ ಅಂತೀರೋ ದ್ರೋಹ ಅಂತೀರೋ?

ಎರಡನೇ ಓದು

1804ರದು ದ್ರೋಹವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಬೀನ್ ಒಪ್ಪಂದವನ್ನೂ ತಕ್ಕಡಿಯಿಂದ ಕೆಳಗಿಳಿಸಬಾರದು. ಇನ್ನೂ ಒಂದಿದೆ: ಮಾಜಿ ಉಪಾಧ್ಯಕ್ಷ ಏರನ್ ಬರ್ ಪಶ್ಚಿಮದಲ್ಲಿ ಪಡೆ ಕಟ್ಟಲು ಹೊರಟಾಗ ಜೆಫರ್ಸನ್‌ಗೆ ಎಚ್ಚರಿಕೆ ಕಳಿಸಿದವನೂ ಇವನೇ. ಜೆಫರ್ಸನ್ ಇವನ ಕೈಬಿಡದಿದ್ದಕ್ಕೆ ಅದೇ ಮುಖ್ಯ ಕಾರಣ. ಬರ್ ವಿರುದ್ಧದ ದೇಶದ್ರೋಹದ ಮೊಕದ್ದಮೆ ಪೂರ್ತಿ ನಿಂತಿದ್ದದ್ದು ವಿಲ್ಕಿನ್ಸನ್ ಸಾಕ್ಷಿಯ ಮೇಲೆ. ಅವನನ್ನು ದ್ರೋಹಿ ಎಂದರೆ ಮೊಕದ್ದಮೆಯೇ ಬೀಳುತ್ತಿತ್ತು.

ಕರಿಕೋಟು

ಬರ್ ಪ್ರಕರಣದ ಕಾನೂನಿನ ಮಗ್ಗುಲು ನಾನು ಹೇಳುತ್ತೇನೆ. ವಕೀಲನಾಗಿ ನನಗೆ ಇದು ಬಹಳ ನೋವಿನ ಭಾಗ.

ಬರ್ ಜೊತೆ ವಿಲ್ಕಿನ್ಸನ್ ವರ್ಷಗಟ್ಟಲೆ ಸಂಕೇತಲಿಪಿಯಲ್ಲಿ ಪತ್ರ ವ್ಯವಹಾರ ಇಟ್ಟುಕೊಂಡಿದ್ದ. 1806ರ ಅಕ್ಟೋಬರ್‌ನಲ್ಲಿ ನ್ಯಾಕಿಟೋಷ್ ಶಿಬಿರದಲ್ಲಿದ್ದಾಗ ತರುಣ ಸ್ಯಾಮ್ಯುಯೆಲ್ ಸ್ವಾರ್ಟ್‌ವೌಟ್ ಅವನಿಗೆ ಬರ್ ಕಡೆಯ ಪತ್ರ ತಂದುಕೊಟ್ಟ. ಬರ್‌ನ ಯೋಜನೆ ಗೆಲ್ಲುವುದಿಲ್ಲ ಎಂದು ಲೆಕ್ಕ ಹಾಕಿದ ವಿಲ್ಕಿನ್ಸನ್ ಅದನ್ನು ಜೆಫರ್ಸನ್‌ಗೆ ತಿಳಿಸಿದ. ಅದೇ ಹೊತ್ತಿಗೆ ಸ್ಪೇನಿನ ಕೈಲಿದ್ದ ಮೆಕ್ಸಿಕೊದ ವೈಸ್‌ರಾಯ್ ಇತುರಿಗರಾಯ್ ಬಳಿಗೂ ಆಳು ಕಳಿಸಿ, ಬರ್‌ನ ದಾಳಿಯಿಂದ ನಿಮ್ಮ ರಾಜ್ಯವನ್ನು ನಾನು ಕಾಪಾಡಿದೆ, ಖರ್ಚು ಕೊಡಿ ಎಂದು ಒಂದು ಲಕ್ಷಕ್ಕೂ ಮಿಕ್ಕಿದ ಮೊತ್ತ ಕೇಳಿದ. ವೈಸ್‌ರಾಯ್ ಕೊಡಲಿಲ್ಲ.

ಆಮೇಲೆ ನ್ಯೂ ಆರ್ಲಿಯನ್ಸ್‌ಗೆ ಬಂದು ಸ್ವಾರ್ಟ್‌ವೌಟ್, ಎರಿಕ್ ಬೋಲ್‌ಮನ್ ಮೊದಲಾದವರನ್ನು ಸೈನಿಕರ ಕೈಲಿ ಹಿಡಿಸಿದ. ಬಂಧಿತರನ್ನು ಹಾಜರುಪಡಿಸಿ ಎಂಬ ನ್ಯಾಯಾಲಯದ ಆದೇಶಕ್ಕೆ ಬೆಲೆ ಕೊಡಲಿಲ್ಲ. ಆ ಊರಿನ ನ್ಯಾಯಾಧೀಶ ಜೇಮ್ಸ್ ವರ್ಕ್‌ಮನ್‌ನನ್ನೂ ಬಂಧಿಸಿದ. ಬೋಲ್‌ಮನ್ ಮತ್ತು ಸ್ವಾರ್ಟ್‌ವೌಟ್ ಬಿಡುಗಡೆಗೆ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಕೊಡಬೇಕಾಯಿತು.

1807ರಲ್ಲಿ ರಿಚ್ಮಂಡ್‌ನಲ್ಲಿ ವಿಚಾರಣೆ. ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅದರ ಎದುರು ಆ ಸಂಕೇತಪತ್ರ ಇಟ್ಟಾಗ ಅದನ್ನು ತಿದ್ದಿರುವುದು ಹೊರಬಿತ್ತು. ನಿಮ್ಮ ಮೇ 13ರ ಪತ್ರ ತಲುಪಿತು ಎಂಬ ಅರ್ಥದ ಮೊದಲ ಸಾಲು, ಅಂದರೆ ಇವನೇ ಮೊದಲು ಬರ್‌ಗೆ ಬರೆದಿದ್ದ ಎಂದು ಹೇಳುವ ಸಾಲು, ಅಳಿಸಿಹೋಗಿತ್ತು. ಅಳಿಸಿದವನು ತಾನೇ ಎಂದು ವಿಲ್ಕಿನ್ಸನ್ ಒಪ್ಪಬೇಕಾಯಿತು. ಅವನ ಮೇಲೂ ಆರೋಪ ಹೊರಿಸಬೇಕೆಂಬ ಮತಕ್ಕೆ 7 ಮಂದಿ ಪರ, 9 ಮಂದಿ ವಿರುದ್ಧ ನಿಂತರು. ಇಬ್ಬರ ಮನಸ್ಸು ಬದಲಾಗಿದ್ದರೆ ಬಹುಮತ ಆ ಕಡೆ ವಾಲುತ್ತಿತ್ತು. ಜ್ಯೂರಿಯ ಮುಖ್ಯಸ್ಥ ಜಾನ್ ರಾಂಡಾಲ್ಫ್ ಇವನಷ್ಟು ಮೇಲಿನ ತೊಗಟೆಯಿಂದ ಒಳತಿರುಳಿನವರೆಗೂ ನೀಚನಾದವನನ್ನು ಕಂಡಿಲ್ಲ ಎಂದು ಆಮೇಲೆ ಬರೆದ. ಸಾಕ್ಷ್ಯ ತಿದ್ದಿದೆನೆಂದು ಒಪ್ಪಿಕೊಂಡವನನ್ನೇ ಸರ್ಕಾರ ತನ್ನ ಪ್ರಧಾನ ಸಾಕ್ಷಿಯಾಗಿ ಮುಂದುವರಿಸಿತು. ಮೊಕದ್ದಮೆ ಬೀಳಬಾರದೆಂಬುದು ಇದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗದು.

ಮಿಸಿಸಿಪ್ಪಿ ದಂಡೆ

ನಾನು ಲೂಯಿಸಿಯಾನದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ನ್ಯೂ ಆರ್ಲಿಯನ್ಸ್‌ನ ಜಾಕ್ಸನ್ ಚೌಕದ ಪಕ್ಕ ಕಬಿಲ್ಡೊ ಎಂಬ ಕಟ್ಟಡವಿದೆ, 1803ರ ಹಸ್ತಾಂತರ ನಡೆದದ್ದು ಅಲ್ಲೇ. ಈಗ ವಸ್ತುಸಂಗ್ರಹಾಲಯ. ಊರಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ. ಆದರೆ ಈ ಎಳೆಯಲ್ಲಿ ಇನ್ನೂ ಯಾರೂ ಎತ್ತದ ಒಂದು ಜಾಗವಿದೆ: ನ್ಯೂ ಆರ್ಲಿಯನ್ಸ್‌ನಿಂದ ಕೆಳಕ್ಕೆ ಹತ್ತಾರು ಮೈಲಿ ದೂರದ ತೇರ್ ಓ ಬೇಫ್.

1809ರಲ್ಲಿ ಬ್ರಿಟನ್ ಜೊತೆ ಯುದ್ಧವಾಗಬಹುದೆಂದು ಸುಮಾರು 2,000 ಸೈನಿಕರನ್ನು ನ್ಯೂ ಆರ್ಲಿಯನ್ಸ್‌ಗೆ ತಂದಿದ್ದರು. ಹೆಚ್ಚಿನವರು ಹೊಸಬರು. ಊರಲ್ಲಿ ಕಾಯಿಲೆ ಶುರುವಾಯಿತು. ಯುದ್ಧ ಕಾರ್ಯದರ್ಶಿ ವಿಲಿಯಂ ಯೂಸ್ಟಿಸ್ ಸೈನ್ಯವನ್ನು ಮೇಲಕ್ಕೆ, ಫೋರ್ಟ್ ಆಡಮ್ಸ್ ಮತ್ತು ನಾಚೆಜ್ ಕಡೆಯ ಎತ್ತರದ ಜಾಗಕ್ಕೆ ಸಾಗಿಸಿ ಎಂದು ಬರೆದ. ವಿಲ್ಕಿನ್ಸನ್ ಅವರನ್ನು ಕೆಳಕ್ಕೆ ಒಯ್ದ. ಅವನು ಆರಿಸಿದ ಜಾಗ ನದಿಯ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿತ್ತು, ಏರಿಯೊಂದೇ ನೀರನ್ನು ತಡೆದಿತ್ತು.

ಇಲ್ಲಿಯ ಜೂನ್, ಜುಲೈ ಹೇಗಿರುತ್ತದೆಂದು ನನಗೆ ಗೊತ್ತು. ಮಂಗಳೂರಿನ ಸೆಕೆ ಕಂಡ ನನಗೇ ಮಧ್ಯಾಹ್ನ ಹೊರಗೆ ನಿಲ್ಲಲಾಗದು. ಆ ಕೆಸರಿನಲ್ಲಿ ಗುಡಾರ ಹಾಕಿ, ಹುಳ ಬಿದ್ದ ಹಿಟ್ಟಿನ ರೊಟ್ಟಿ ತಿನ್ನಿಸಿ, ಸೊಳ್ಳೆಪರದೆ ಇಲ್ಲದೆ ಆ ಹುಡುಗರನ್ನು ಸೆಪ್ಟೆಂಬರ್‌ವರೆಗೆ ಇಟ್ಟರು. ಮಲೇರಿಯಾ, ರಕ್ತಭೇದಿ, ಬಾಯಿ ಕೊಳೆಯುವ ಸ್ಕರ್ವಿ. ಸತ್ತವರನ್ನು ಆಳವಾಗಿ ಹೂಳಲೂ ಆಗುತ್ತಿರಲಿಲ್ಲ, ಗುಂಡಿ ತೋಡಿದರೆ ನೀರು. ಕೊನೆಗೆ ಮೇಲಕ್ಕೆ ಹೊರಡಿಸಿದಾಗ ದೋಣಿಗಳಲ್ಲೂ ಸತ್ತರು. ಸತ್ತವರು ಮತ್ತು ಓಡಿಹೋದವರು ಸೇರಿ 900ಕ್ಕೂ ಹೆಚ್ಚು.

ಒಂದೇ ಒಂದು ಗುಂಡು ಹಾರಿರಲಿಲ್ಲ. ಸ್ಪೇನಿನ ಹಣ, 13 ನಂಬರ್, ಸಕ್ಕರೆ ಪೀಪಾಯಿ ಇವೆಲ್ಲ ಕೇಳಲು ರೋಚಕ. ನನ್ನ ಮಟ್ಟಿಗೆ ವಿಲ್ಕಿನ್ಸನ್‌ನ ಮೇಲಿನ ಅತಿ ಭಾರದ ಆರೋಪ ಈ ಶಿಬಿರ.

ಖಾತೆಪುಸ್ತಕ

ಅಣ್ಣ, ಓದುತ್ತಾ ಗಂಟಲು ಕಟ್ಟಿತು. ಎರಡೂ ಬೇರೆ ಬೇರೆ ಅಪರಾಧ ಅಂತ ನನಗೆ ಅನಿಸುತ್ತಿಲ್ಲ. ಎಲ್ಲಿ ತನಗೆ ಅನುಕೂಲವೋ ಅಲ್ಲಿ ಇರುವುದು, ಯಾರ ಪ್ರಾಣ ಹೋದರೂ ಲೆಕ್ಕಕ್ಕಿಡದಿರುವುದು. ಓವೆನ್ ವಿಷಯದಲ್ಲೂ ಅದೇ ಅಲ್ಲವೇ ಆದದ್ದು?

ಅವನ ವಿರುದ್ಧ ಬಾಯಿ ತೆರೆದ ಕಿರಿಯರಿಗೆ ಏನಾಯಿತು ಎಂಬುದನ್ನೂ ಸೇರಿಸುತ್ತೇನೆ. ಮುಂದೆ ಅಮೆರಿಕದ ದೊಡ್ಡ ಜನರಲ್ ಆದ ವಿನ್‌ಫೀಲ್ಡ್ ಸ್ಕಾಟ್ ಆಗ ಎಳೆಯ ಕ್ಯಾಪ್ಟನ್. ವಿಲ್ಕಿನ್ಸನ್ ಬರ್‌ನಷ್ಟೇ ದೊಡ್ಡ ದ್ರೋಹಿ ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟ. 1810ರಲ್ಲಿ ಸೇನಾ ನ್ಯಾಯಾಲಯ ಸ್ಕಾಟ್‌ನನ್ನೇ ಒಂದು ವರ್ಷ ಕೆಲಸದಿಂದ ಹೊರಗಿಟ್ಟಿತು.

ಧಾರವಾಡದಾಂವ

ಅಧ್ಯಕ್ಷರ ಕಿವೀಗೆ ಇದೆಲ್ಲಾ ಬಿದ್ದಿತ್ತೇನ್ರಿ ಖರೆ? ಕಣ್ಣ ಮುಚ್ಚಿ ಕುಂತಿದ್ರೋ?

ಕರಿಕೋಟು

ಬಿದ್ದಿತ್ತು. ಆಡಮ್ಸ್ 1798ರಲ್ಲಿ ವಿಲ್ಕಿನ್ಸನ್‌ಗೇ ಪತ್ರ ಬರೆದು, ಮಿಸಿಸಿಪ್ಪಿ ಕಡೆಯಿಂದ ಬರುವವರೆಲ್ಲ ನೀವು ಸ್ಪೇನಿನ ಪಿಂಚಣಿದಾರ ಎನ್ನುತ್ತಾರೆ ಎಂಬ ಅರ್ಥದ ಮಾತು ಹೇಳಿದ. ನಂಬುವುದಿಲ್ಲ ಎಂದೂ ಸೇರಿಸಿದ. ಗಡಿ ಅಳೆಯಲು ನಾಚೆಜ್‌ಗೆ ಹೋಗಿದ್ದ ಆಂಡ್ರ್ಯೂ ಎಲಿಕಟ್ ಅದೇ ವರ್ಷ ಸರ್ಕಾರಕ್ಕೆ ವರದಿ ಕಳಿಸಿದ. 1806ರ ಜನವರಿಯಲ್ಲಿ ಕೆಂಟಕಿಯ ಸರ್ಕಾರಿ ವಕೀಲ ಜೋಸೆಫ್ ಹ್ಯಾಮಿಲ್ಟನ್ ಡೇವಿಸ್ ನೇರ ಜೆಫರ್ಸನ್‌ಗೇ ಬರೆದ. ಡೇವಿಸ್ ಜೆಫರ್ಸನ್‌ನ ಎದುರಾಳಿ ಫೆಡರಲಿಸ್ಟ್ ಪಕ್ಷದವನು, ಹಾಗಾಗಿ ಅವನ ಮಾತನ್ನು ರಾಜಕೀಯವೆಂದು ಬದಿಗಿಟ್ಟರು. 1809ರಲ್ಲಿ ಹಳೆಯ ಪಾಲುದಾರ ಡೇನಿಯಲ್ ಕ್ಲಾರ್ಕ್ ದಾಖಲೆಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದ.

1811ರಲ್ಲಿ ಮೇರಿಲ್ಯಾಂಡಿನ ಫ್ರೆಡ್ರಿಕ್‌ನಲ್ಲಿ ಕೊನೆಗೂ ಕೋರ್ಟ್ ಮಾರ್ಷಲ್ ನಡೆಯಿತು. ಬಂದ ಹಣ ಹಳೆಯ ಹೊಗೆಸೊಪ್ಪಿನ ಬಾಕಿ ಎಂಬುದು ಅವನ ವಾದ. ನಿಜವಾಗಿ ವ್ಯಾಪಾರ ಮಾಡಿದ್ದನಲ್ಲ, ಅದಕ್ಕೆ ಆ ವಾದ ನಿಂತಿತು. ಸ್ಪೇನಿನ ಕಡೆಯ ಮೂಲ ಕಾಗದ ನ್ಯಾಯಾಲಯದ ಕೈಗೆ ಎಟುಕುವಂತಿರಲಿಲ್ಲ. ಕ್ರಿಸ್‌ಮಸ್ ದಿನ ಖುಲಾಸೆಯಾದ. ಮ್ಯಾಡಿಸನ್ 1812ರ ಫೆಬ್ರವರಿಯಲ್ಲಿ ತೀರ್ಪನ್ನು ಒಪ್ಪುವಾಗ ಈ ಅಧಿಕಾರಿಯ ನಡತೆಯಲ್ಲೂ ನ್ಯಾಯಾಲಯದ ನಡತೆಯಲ್ಲೂ ಆಕ್ಷೇಪಾರ್ಹ ಸಂಗತಿಗಳಿವೆ ಎಂದು ವಿಷಾದ ಬರೆದು, ಖಡ್ಗ ಹಿಂತಿರುಗಿಸಿದ.

ಎರಡನೇ ಓದು

ತುಂಗಾತೀರ ಸರ್ ಕೇಳಿದ ಮೂಲ ಪ್ರಶ್ನೆಗೆ ನನ್ನ ಉತ್ತರ ಇದು. ಆ ಕಾಲದ ಅಮೆರಿಕದ ಸೇನೆ ಕೆಲವೇ ಸಾವಿರ ಜನರದ್ದು. ಪಶ್ಚಿಮದ ದಾರಿ, ನದಿ, ಸ್ಪೇನಿನ ಅಧಿಕಾರಿಗಳ ಸ್ವಭಾವ ಎಲ್ಲ ಬಲ್ಲ ಜನರಲ್ ಇವನೊಬ್ಬನೇ. ಜೆಫರ್ಸನ್‌ಗೆ ಇನ್ನೊಂದು ಅನುಕೂಲವಿತ್ತು: ಫೆಡರಲಿಸ್ಟರೇ ತುಂಬಿದ್ದ ಅಧಿಕಾರಿ ವರ್ಗದಲ್ಲಿ ಇವನು ಯಾವ ಪಕ್ಷ ಆಳುತ್ತದೋ ಅವರ ಮಾತು ಕೇಳುತ್ತಿದ್ದ. ಅಧ್ಯಕ್ಷರಿಗೆ ಭಯವಿದ್ದದ್ದು ಸೈನ್ಯ ತಮ್ಮ ವಿರುದ್ಧ ತಿರುಗೀತೆಂದು. ಇವನು ತಿರುಗುವವನಲ್ಲ ಎಂಬ ನಂಬಿಕೆ ಅವರಿಗಿತ್ತು, ಆ ಒಂದು ವಿಷಯದಲ್ಲಿ ಅವನು ಅವರನ್ನು ಕೆಡಿಸಲೂ ಇಲ್ಲ.

ತುಂಗಾತೀರ

ಒಪ್ಪುತ್ತೇನೆ, ಜೆಫರ್ಸನ್‌ವರೆಗೆ. ಮ್ಯಾಡಿಸನ್‌ಗೆ ಆ ನೆಪವೂ ಉಳಿದಿರಲಿಲ್ಲ. ತೇರ್ ಓ ಬೇಫ್ ನಡೆದು ಎರಡು ವರ್ಷವಾಗಿತ್ತು, ಕಾಂಗ್ರೆಸ್ ಅದರ ಬಗ್ಗೆ ವಿಚಾರಣೆ ನಡೆಸಿತ್ತು. ಅಷ್ಟಾದ ಮೇಲೂ 1813ರಲ್ಲಿ, ಬ್ರಿಟನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಕೆನಡಾದ ಮಾಂಟ್ರಿಯಲ್ ಮೇಲೆ ಏರಿಹೋಗುವ ಸೈನ್ಯವನ್ನು ಅವನ ಕೈಗೇ ಕೊಟ್ಟರು. ನವೆಂಬರ್ 11ರಂದು ಕ್ರೈಸ್ಲರ್ಸ್ ಫಾರ್ಮ್‌ನಲ್ಲಿ ತಮಗಿಂತ ಬಹಳ ಚಿಕ್ಕ ಬ್ರಿಟಿಷ್ ಪಡೆಯ ಎದುರು ಸೋತರು. ಮರುವರ್ಷ ಮಾರ್ಚ್‌ನಲ್ಲಿ ಲಕೋಲ್ ಗಿರಣಿಯ ಬಳಿ ಮತ್ತೆ ಸೋಲು. ಆಗಷ್ಟೇ ಅವನನ್ನು ಕೆಳಗಿಳಿಸಿದ್ದು.

ಧಾರವಾಡದ ಸರ್ ಮುಂದೆ ಪುರಾವೆ ಎಲ್ಲಿ ಸಿಕ್ಕಿತು ಎಂದು ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. 1807ರಲ್ಲಿ, ಬರ್ ವಿಚಾರಣೆ ನಡೆಯುತ್ತಿದ್ದ ಕಾಲಕ್ಕೆ, ಫೋಲ್ಚ್ ಅವನಿಗೆ ಧೈರ್ಯ ಹೇಳಿ ಪತ್ರ ಬರೆದ. ನಿಮಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ಹವಾನಾಕ್ಕೆ ಕಳಿಸಿಬಿಟ್ಟಿದ್ದೇನೆ, ಅಮೆರಿಕ ಆ ಊರನ್ನು ಗೆಲ್ಲುವ ಹೊತ್ತಿಗೆ ನೀವು, ನಾನು, ಜೆಫರ್ಸನ್, ಮ್ಯಾಡಿಸನ್ ಎಲ್ಲರೂ ಪರಲೋಕದ ಪ್ರಯಾಣದಲ್ಲಿ ಬಹುದೂರ ಹೋಗಿರುತ್ತೇವೆ ಎಂಬುದು ಅದರ ತಾತ್ಪರ್ಯ. ಹಾಗೇ ಆಯಿತು. 1825ರಲ್ಲಿ ಟೆಕ್ಸಸ್‌ನಲ್ಲಿ ಜಮೀನು ಗಿಟ್ಟಿಸಲು ಮೆಕ್ಸಿಕೊ ನಗರಕ್ಕೆ ಹೋಗಿದ್ದಾಗ ವಿಲ್ಕಿನ್ಸನ್ ಅಲ್ಲೇ ತೀರಿಕೊಂಡ. ಸುಮಾರು 30 ವರ್ಷದ ಮೇಲೆ ಲೂಯಿಸಿಯಾನದ ಇತಿಹಾಸಕಾರ ಚಾರ್ಲ್ಸ್ ಗಯಾರೆ ಸ್ಪೇನಿನ ಪತ್ರಾಗಾರದಿಂದ ಪ್ರತಿ ತರಿಸಿ ಮಿರೊ ಜೊತೆಗಿನ ಪತ್ರವ್ಯವಹಾರವನ್ನು ಪ್ರಕಟಿಸಿದ. ಹವಾನಾದ ಕಟ್ಟುಗಳು ಈಗ ಸೆವಿಲ್ಲೆಯ ಇಂಡೀಸ್ ಪತ್ರಾಗಾರದಲ್ಲಿವೆ.

ಆದರೆ ಆ 900 ಜನರ ವಿಷಯಕ್ಕೆ ಹವಾನಾದ ಕಾಗದ ಬೇಕಿರಲಿಲ್ಲ. ಯೂಸ್ಟಿಸ್‌ನ ಆದೇಶ ವಾಷಿಂಗ್ಟನ್‌ನಲ್ಲೇ ಇತ್ತು, ಸತ್ತವರ ಪಟ್ಟಿಯೂ ಅಲ್ಲೇ ಇತ್ತು. ಮ್ಯಾಡಿಸನ್ ಎರಡನ್ನೂ ನೋಡಬಹುದಿತ್ತು.

ಎರಡನೇ ಓದು

ಮ್ಯಾಡಿಸನ್ ಪರವಾಗಿ ಹೇಳಲು ನನ್ನ ಬಳಿ ಏನೂ ಇಲ್ಲ ಸರ್. ಮಿಸಿಸಿಪ್ಪಿ ದಂಡೆಯವರೇ, ಆ ಶಿಬಿರದ ಜಾಗದಲ್ಲಿ ಈಗ ಏನಾದರೂ ಗುರುತು ಇದೆಯೇ?

ಮಿಸಿಸಿಪ್ಪಿ ದಂಡೆ

ಅದು ಈಗ ಸೇಂಟ್ ಬರ್ನಾರ್ಡ್ ಪ್ಯಾರಿಷ್‌ಗೆ ಸೇರಿದ ಜಾಗ. ಚಳಿ ಬಂದ ಮೇಲೆ ಹೋಗಿ ಹುಡುಕಿ, ಸಿಕ್ಕದ್ದನ್ನು ಫೋಟೋ ಸಮೇತ ಇಲ್ಲೇ ಹಾಕುತ್ತೇನೆ.